ಬಾಣಲಿ ಬ್ಯಾರೆ ಐತೇನ್ರಿ?

ನಮ್ಮ ಕುಕನೂರಿನವರು ಬೆಂಗಳೂರಿಗೆ ಹೋದರೆ ಮೊದಲ ಹೊತ್ತಿಗೆ ಖಾನಾವಳಿ ಹುಡುಕುತ್ತಾರೆ. ರೊಟ್ಟಿಯ ಮೇಲಿನ ಪ್ರೀತಿಗಲ್ಲ, ರೊಟ್ಟಿ ನಮ್ಮೂರಿನ ಹಂಗಿಲ್ಲ ಎಂದು ಬೈಯುವ ಸುಖಕ್ಕೆ. ಎರಡನೇ ಹೊತ್ತಿಗೆ ನಾಲಿಗೆ ತನ್ನ ನಿಜ ಬುದ್ಧಿ ತೋರಿಸುತ್ತದೆ. "ಇಲ್ಲೆ ಚಲೋ ಚೈನೀಸ್ ಎಲ್ಲಿ ಸಿಗತೈತಿ? ಭಾಳ ತುಟ್ಟಿ ಬ್ಯಾಡ ಮತ್ತ!"

ರಾಷ್ಟ್ರಕೂಟರ ಕಾಲದ ನವಲಿಂಗ ಗುಡಿಯ ಊರಿನವನಿಗೆ ಚೀನಾದ ಊಟದ ಹುಚ್ಚು ಯಾಕೆ ಅಂದಿರಾ? ಸಂಜೆ ಹೊತ್ತು ಊರೊಳಗೆ ಬಂದು ನಿಲ್ಲಿ. ಒಂದು ಬಂಡಿಯಲ್ಲಿ ಮಿರ್ಚಿ, ಗಿರ್ಮಿಟ್ಟು. ಪಕ್ಕದ್ದರಲ್ಲಿ ಗೋಬಿ, ಎಗ್‌ರೈಸು. ಹಿರಿಯರು ನಿಂತಿರುವುದು ಮಿರ್ಚಿ ಬಂಡಿಯ ಮುಂದೆ, ಕಣ್ಣು ಮಾತ್ರ ಪಕ್ಕದ ಬಂಡಿಯ ಉರಿಯ ಮೇಲೆ.

ಮಂಚೂರಿಯನ್ನಿನ ಮೂಲಪುರುಷ ಕೋಲ್ಕತ್ತದಲ್ಲಿ ಹುಟ್ಟಿದ ಚೀನೀಯ, ನೆಲ್ಸನ್ ವಾಂಗ್. 1975ರಲ್ಲಿ ಮುಂಬಯಿಯ ಕ್ರಿಕೆಟ್ ಕ್ಲಬ್ಬಿನ ಅಡುಗೆಮನೆಯಲ್ಲಿ ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಹಸಿಶುಂಠಿ ಹೆಚ್ಚಿ, ಗರಂ ಮಸಾಲೆ ಹಾಕಬೇಕಾದಲ್ಲಿ ಸೋಯಾ ಸಾಸ್ ಸುರಿದು ಕೋಳಿ ಮಾಡಿದರಂತೆ. ಸಾಸ್ ಬೀಳುವ ತನಕ ಅದು ನಮ್ಮವ್ವನ ಅಡುಗೆಯೇ. ಕೋಳಿಯ ಜಾಗಕ್ಕೆ ಹೂಕೋಸು ಬಂದು ಕೂತದ್ದೇ ತಡ, ನಮ್ಮಂಥ ಸಸ್ಯಾಹಾರಿಗಳೂ ಧೈರ್ಯವಾಗಿ ಕೈಚಾಚಿದೆವು. ಇನ್ನುಳಿದ ಸಾಮಾನಾದರೂ ಎಲ್ಲಿಯದು? ಫ್ರೈಡ್ ರೈಸಿಗೆ ಗಂಗಾವತಿಯ ಸೋನಾ ಮಸೂರಿ. ಕಾರ್ನ್‌ಫ್ಲೋರು ಅಂದರೆ ನಮ್ಮ ಹೊಲದ ಬದುವಿನಾಚೆ ನಿಂತ ಮೆಕ್ಕೆಜೋಳದ ಸಂತಾನ. ಟೇಸ್ಟಿಂಗ್ ಪೌಡರ್ ಒಂದು ಪರದೇಶದ್ದು, ಅದರ ಹುಟ್ಟೂ ಚೀನಾದ್ದಲ್ಲ. 1908ರಲ್ಲಿ ಕಿಕುನೆ ಇಕೆದಾ ಎಂಬ ಜಪಾನಿ ವಿಜ್ಞಾನಿ ಕಡಲಕಳೆಯಿಂದ ತೆಗೆದದ್ದು.

ಕೆಂಪು ಬಣ್ಣದ ಕತೆ ಬೇರೆ. 2024ರ ಮಾರ್ಚಿನಲ್ಲಿ ಸರ್ಕಾರ ಗೋಬಿಗೆ ಕೃತಕ ಬಣ್ಣ ಹಾಕಬಾರದೆಂದು ಆದೇಶಿಸಿತು. ಪರೀಕ್ಷೆಗೆ ಒಯ್ದ 171 ಮಾದರಿಗಳಲ್ಲಿ 107 ಸುರಕ್ಷಿತವಲ್ಲವೆಂದು ಬಂದಿದ್ದವು. ಹಿಂಗಾಗಿ ಬಣ್ಣ ಬಿಟ್ಟುಕೊಂಡ ಗೋಬಿಯನ್ನು ಕಂಡು ನನ್ನ ಪಕ್ಕ ನಿಂತಿದ್ದ ಯಜಮಾನರೊಬ್ಬರು, "ಏನಪಾ ಇದು, ಗೋಬಿಗೆ ಕಾಮಣಿ ಆಗೇತೇನು?" ಎಂದರು. ಬ್ಯಾಡಗಿ ಮೆಣಸಿನಕಾಯಿ ಬೆಳೆಯುವ ನಾಡಿನಲ್ಲಿ ಡಬ್ಬಿಯ ಕೆಂಪು ಯಾಕೆ ಬೇಕಿತ್ತೋ, ನಮ್ಮೂರ ದೇವರು ಆ ಗುದ್ನೆಪ್ಪನೇ ಬಲ್ಲ.

ಇರಲಿ, ಬೆಂಗಳೂರಿಗೆ ಬರೋಣ. ವಿಜಯನಗರದಲ್ಲಿರುವ ತಮ್ಮನ ಮಗ ಮೊದಲು ಒಂದು ಗಾಜಿನ ಬಾಗಿಲಿನ ಹೋಟೆಲಿಗೆ ಕರೆದೊಯ್ದ. ಒಳಗೆ ಎಷ್ಟು ಕತ್ತಲೆಯೆಂದರೆ ರೇಟು ಓದಲು ಮೊಬೈಲಿನ ಬ್ಯಾಟರಿ ಹಚ್ಚಬೇಕಾಯಿತು. ಓದಿದ ಮೇಲೆ ಕತ್ತಲೆಯೇ ಚಲೋ ಅನಿಸಿತು. ದೊಡ್ಡ ಬಟ್ಟಲಿನ ತಳದಲ್ಲಿ ನಾಚಿಕೊಂಡು ಕೂತ ನೂಡಲ್ಸು, ಪಕ್ಕದಲ್ಲಿ ಎರಡು ಕಡ್ಡಿ. "ದೊಡ್ಡಪ್ಪಾ, ಇದು ಅಥೆಂಟಿಕ್" ಎಂದ ಹುಡುಗ. ನನ್ನಾಕೆ ಕಡ್ಡಿಗಳನ್ನು ಪಕ್ಕಕ್ಕಿಟ್ಟು, "ಖಾರ ಎಲ್ಲೈತಿ?" ಎಂದಳು.

ಕುರ್ಚಿ ಮೆತ್ತಗಿದ್ದಷ್ಟೂ ಚೈನೀಸು ಸಪ್ಪೆ ಎಂಬುದು ನನ್ನ ಖಚಿತ ಅಭಿಪ್ರಾಯ. ನಿಂತು ತಿನ್ನಬೇಕು, ಸ್ಟೋವಿನ ಸದ್ದಿಗೆ ಮಾತು ಕೇಳಿಸಬಾರದು. ಇದಕ್ಕೆ ನನ್ನಾಕೆಯದೊಂದು ತಿದ್ದುಪಡಿ: ತತ್ತಿ ಹೊಡೆದ ಬಾಣಲಿಯಲ್ಲಿ ಗೋಬಿ ಹುರಿಯಬಾರದು. ವಿಜಯನಗರದ ಬಂಡಿಗಳ ಮುಂದೆಲ್ಲ ಆಕೆಯದು ಒಂದೇ ಪ್ರಶ್ನೆ: "ಬಾಣಲಿ ಬ್ಯಾರೆ ಐತೇನ್ರಿ?" ಒಬ್ಬ, "ತೊಳೀತೀವಿ ಅಮ್ಮಾ" ಎಂದ. ಇನ್ನೊಬ್ಬ ಪ್ರಾಮಾಣಿಕ, ನಕ್ಕುಬಿಟ್ಟ.

ಕೊನೆಗೆ ನಮ್ಮಿಬ್ಬರ ಷರತ್ತೂ ಕೂಡಿಬಂದದ್ದು ಸಜ್ಜನರಾವ್ ಸರ್ಕಲ್ಲಿನ ಹತ್ತಿರ, ವಿ.ವಿ. ಪುರದ ತಿಂಡಿ ಬೀದಿಯಲ್ಲಿ. ಹೆಚ್ಚುಕಡಿಮೆ ಪೂರಾ ಸಸ್ಯಾಹಾರಿ ಬೀದಿ, ಬಾಣಲಿಯ ವಿಚಾರಣೆಯೇ ಬೇಕಿಲ್ಲ. ಅಲ್ಲಿ ಒಬ್ಬ ಹುಡುಗನ ಕೈಕೆಲಸ ನೋಡುತ್ತ ನಿಂತೆ. ಸೌಟಿನ ತುದಿಯನ್ನೇ ಒಂದೊಂದು ಡಬ್ಬಿಗೆ ತಾಗಿಸಿ ಉಪ್ಪು, ಪುಡಿ, ಸಾಸು ಎತ್ತುತ್ತಾನೆ. ಅಳತೆ ಇಲ್ಲ, ನೋಡುವುದೂ ಇಲ್ಲ. ಬಾಣಲಿ ಓರೆ ಮಾಡಿದನೋ ಇಲ್ಲವೋ, ಬೆಂಕಿ ಒಳಗೆ ಹೊಕ್ಕು ಅನ್ನ ನೆಕ್ಕಿ ಹೊರಬಂತು. ಮೇಲೆ ಒಂದು ಹಿಡಿ ಉಳ್ಳಾಗಡ್ಡಿ ತಪ್ಪಲು ಉದುರಿಸಿ ತಟ್ಟೆ ಮುಂದೆ ತಳ್ಳಿದ.

"ಅಕ್ಕಿ ಯಾವೂರಿಂದು ತಮ್ಮಾ?"

ಹುಡುಗ ಸೌಟು ಬಿಡದೆ ಕಾಲಿನ ಬಳಿಯ ಚೀಲ ತೋರಿಸಿದ. ಗಂಗಾವತಿ! ನಮ್ಮ ಜಿಲ್ಲೆಯ ಅಕ್ಕಿ ನಮಗಿಂತ ಮುಂಚೆ ಬಂದು ಚೈನೀಸ್ ಆಗಿ ಕೂತಿತ್ತು. ನಾನು ಜೋರಾಗಿ, "ನಮ್ಮದ ಐತಿ, ತಿನ್ರಿ" ಎಂದೆ. ಪಕ್ಕದವರು ತಮ್ಮ ತಟ್ಟೆಯನ್ನು ಸ್ವಲ್ಪ ಆಚೆ ಸರಿಸಿಕೊಂಡರು.

ತಿಂದದ್ದಕ್ಕಿಂತ ಆಟೋಕ್ಕೆ ಹೆಚ್ಚು ಹೋಗಿತ್ತು. "ಇದೇನ್ರಿ ಅಗ್ಗ?" ಎಂದು ಮನೆ ಮುಟ್ಟುವ ತನಕ ನನ್ನಾಕೆ ಲೆಕ್ಕ ಒಪ್ಪಿಸಿದಳು. ಮರುದಿನ ಆಕೆಯೇ ಮುಂದಾಗಿ ನಿಂತು ಮೆಟ್ರೊ ಹತ್ತಿಸಿದಳು. ಮೆಜೆಸ್ಟಿಕ್ಕಿನಲ್ಲಿ ಬದಲಿಸಿ ನ್ಯಾಷನಲ್ ಕಾಲೇಜಿನಲ್ಲಿ ಇಳಿದೆವು. ಉಳಿದ ರೊಕ್ಕಕ್ಕೆ ಇನ್ನೊಂದು ಹಾಫ್ ಗೋಬಿ ಹೇಳಿದಳು, ಡ್ರೈ, ಖಾರ ಜಾಸ್ತಿ.