ಮುಳುಗಿಸಿದ ಮೇಲೆ ಈಜು ಪಾಠ

ಆಮಂತ್ರಣ ಪತ್ರಿಕೆಯಲ್ಲಿ ‘ನಿರ್ವಸಿತರ ಲರ್ನಿಂಗ್ ಹಬ್ ಉದ್ಘಾಟನೆ’ ಎಂದಿತ್ತು. ಓದಿ ಹೇಳಿದ ಮೊಮ್ಮಗನನ್ನು ಅಜ್ಜಿ ಕೇಳಿದಳು: “ಯಾವ ಹಬ್ಬೋ ತಮ್ಮಾ? ಕಾರಹುಣ್ಣಿಮಿ ಮುಗದ ಹೋತಲ್ಲ?”

“ಹಬ್ಬ ಅಲ್ಲಬೇ, ಹಬ್.”

“ಹಂಗಾರ ಹೋಳಗಿ ಇರೂದಿಲ್ಲೇನು?”

“ಇಲ್ಲ.”

“ಮತ್ತ ಶಾಮಿಯಾನ ಯಾಕ ಹಾಕ್ಯಾರ?”

ಈ ಕೊನೆಯ ಪ್ರಶ್ನೆಗೆ ಸಮಾರಂಭ ಮುಗಿಯುವವರೆಗೆ ಕಾದೆ. ಉತ್ತರ ಸಿಗಲಿಲ್ಲ.

ಊರಿನ ಹೆಸರು ಬೇಡ. ಆಲಮಟ್ಟಿ ಹಿನ್ನೀರಿನ ದಂಡೆಗುಂಟ ಇಂಥ ಊರುಗಳು ಸಾಲಾಗಿ ಕೂತಿವೆ. ಯಾವುದರ ಹೆಸರು ಹೇಳಿದರೂ ಉಳಿದವಕ್ಕೆ ಬೇಜಾರು. ಇವನ್ನು ಜನ ಊರು ಎನ್ನುವುದಿಲ್ಲ, ‘ಆರ್‌ಸಿ’ ಎನ್ನುತ್ತಾರೆ. ಪುನರ್ವಸತಿ ಕೇಂದ್ರ ಎನ್ನುವಷ್ಟು ಪುರುಸೊತ್ತು ಯಾರಿಗಿದೆ? ಹಳೆಯ ಊರು ನೀರಿನಲ್ಲಿದೆ. ಬೇಸಿಗೆಯಲ್ಲಿ ನೀರು ಇಳಿದಾಗ ಗುಡಿಯ ಕಲ್ಲೋ ಮನೆಯ ತಳಪಾಯವೋ ಮೇಲೆದ್ದರೆ ಹಿರಿಯರು ಹೋಗಿ ನೋಡಿ ಬರುತ್ತಾರೆ, ಬೀಗರ ಮನೆಗೆ ಹೋಗಿಬಂದಂತೆ.

ಅಂಥ ಊರಿನ ಗ್ರಂಥಾಲಯ ಈಗ ಕಲಿಕಾ ಕೇಂದ್ರವಾಗಿದೆ. ಕಲಿಯಬೇಕಾದವರು ಮುಳುಗಡೆ ಸಂತ್ರಸ್ತರು, ಕಲಿಸಲು ಬಂದವರು ಮುಳುಗಿಸಿದವರು. ಹೊಳೆಗೆ ನೂಕಿದವನೇ ದಂಡೆಯ ಮೇಲೆ ನಿಂತು ಕೈ ಹೇಗೆ ಬೀಸಬೇಕು, ಕಾಲು ಹೇಗೆ ಬಡಿಯಬೇಕು ಎಂದು ತರಬೇತಿ ಕೊಡುವುದಕ್ಕೆ ಆಡಳಿತದ ಭಾಷೆಯಲ್ಲಿ ಸಬಲೀಕರಣ ಎನ್ನುತ್ತಾರೆ.

ಮೊದಲು ಆ ಕೋಣೆಯ ನಾಮಕರಣದ ಚರಿತ್ರೆ ತಿಳಿಯಬೇಕು. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ನೆರಳಲ್ಲಿ ಅದು ಗ್ರಂಥಾಲಯವಾಗಿತ್ತು. 2019ರಲ್ಲಿ ಹಳ್ಳಿ ಗ್ರಂಥಾಲಯಗಳನ್ನು ಗ್ರಂಥಾಲಯ ಇಲಾಖೆಯಿಂದ ಬಿಡಿಸಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಕೊಟ್ಟರು. ಅದು ‘ಗ್ರಂಥಾಲಯ ಮತ್ತು ಮಾಹಿತಿ ಕೇಂದ್ರ’ವಾಯಿತು. ಆಮೇಲೆ ‘ಅರಿವು ಕೇಂದ್ರ’. ಈಗ ಹಬ್. ಹೆಸರು ನಾಲ್ಕಾದರೂ ಕೋಣೆ ಒಂದೇ, ಮಳೆಗಾಲದಲ್ಲಿ ಸೋರುವ ಮೂಲೆಯೂ ಒಂದೇ. ಅದನ್ನು ನೋಡಿಕೊಳ್ಳುವವನಂತೂ ಮೊದಲಿನಿಂದಲೂ ಕಡತದಲ್ಲಿ ಗ್ರಂಥಪಾಲಕನಲ್ಲ, ‘ಮೇಲ್ವಿಚಾರಕ’. ಅವನಿಗೆ ಬಹುಕಾಲ ಬರುತ್ತಿದ್ದುದು ಸಂಬಳವಲ್ಲ, ಗೌರವಧನ. ಕಸ ಗುಡಿಸುವುದು, ಪೇಪರು ಜೋಡಿಸುವುದು, ಮಕ್ಕಳಿಗೆ ಕತೆ ಹೇಳುವುದು, ಸಮಾರಂಭವಿದ್ದರೆ ಕುರ್ಚಿ ಹೊರುವುದು, ಎಲ್ಲವೂ ಅವನ ಮೇಲ್ವಿಚಾರಣೆಯಲ್ಲೇ, ಅವನಿಂದಲೇ.

ನ್ಯಾಯವಾಗಿ ಹೇಳಬೇಕು: ಈ ಹೆಸರು ಬದಲಾವಣೆಯ ನಡುವೆ ಒಳ್ಳೆಯದೂ ಆಗಿದೆ. 2020ರ ಕೋವಿಡ್ ಕಾಲದಲ್ಲಿ ಶಾಲೆಗಳು ಬೀಗ ಹಾಕಿಕೊಂಡಾಗ ‘ಓದುವ ಬೆಳಕು’ ಎಂಬ ಕಾರ್ಯಕ್ರಮ ಹಳ್ಳಿ ಮಕ್ಕಳಿಗೆ ಗ್ರಂಥಾಲಯದ ಬಾಗಿಲು ತೆಗೆಯಿತು. ಶುಲ್ಕವಿಲ್ಲದೆ ಸದಸ್ಯತ್ವ ಸಿಕ್ಕಿತು, ಮಕ್ಕಳು ಬಂದರು, ಓದಿದರು. ಆಗ ಯಾರೂ ಅದನ್ನು ಹಬ್ ಎನ್ನಲಿಲ್ಲ. ಬಹುಶಃ ಅದಕ್ಕೇ ನಡೆಯಿತು.

ಸಮಾರಂಭಕ್ಕೆ ಬರೋಣ. ಟೇಪು ಕತ್ತರಿಸುವುದಕ್ಕೆ ಒಂದೂವರೆ ತಾಸು ತಡವಾಯಿತು. ಕತ್ತರಿ ಇತ್ತು, ಕತ್ತರಿಸುವವರು ಬಂದಿರಲಿಲ್ಲ. ಒಳಗೆ ಮೇಜಿನ ಮೇಲೆ ಹೊಸ ಕಂಪ್ಯೂಟರು, ಅದರ ಮೇಲೆ ಪ್ಲಾಸ್ಟಿಕ್ಕು, ಪ್ಲಾಸ್ಟಿಕ್ಕಿನ ಮೇಲೆ ಕುಂಕುಮ. ಒಬ್ಬ ಹುಡುಗ ಮೌಸಿಗೆ ಬೆರಳು ತಾಕಿಸಿದ್ದೇ ತಡ, “ಏ, ಮುಟ್ಟಬ್ಯಾಡೋ, ಸಾಹೇಬ್ರು ಬರೂದೈತಿ” ಎಂದು ಗದರಿಕೆ ಬಿತ್ತು. ಸಾಹೇಬರು ಬಂದರು, ಮೌಸು ಹಿಡಿದು ಫೋಟೊ ತೆಗೆಸಿಕೊಂಡರು, ಹೋದರು. ಹುಡುಗ ಮತ್ತೆ ಕೈ ಚಾಚಿದ. “ಏ, ಮುಟ್ಟಬ್ಯಾಡೋ, ಕೆಟ್ಟರ ಯಾರ ಹೊಣಿ?” ಹಬ್ಬಿನ ಮೊದಲ ಪಾಠ ಹೀಗೆ ಯಶಸ್ವಿಯಾಗಿ ಮುಗಿಯಿತು.

ನಾನು ಪುಸ್ತಕದ ಕಪಾಟಿನತ್ತ ಹೋದೆ. ಮುಳುಗಡೆಯ ಬಗ್ಗೆ ಕನ್ನಡದಲ್ಲಿ ನಾ. ಡಿಸೋಜರಷ್ಟು ಹಟ ಹಿಡಿದು ಬರೆದವರು ಕಡಿಮೆ. ಶರಾವತಿ ಕಣಿವೆಯ ಸಂಕಟ ಅವರದು, ಆದರೆ ನೀರಿಗೆ ತಾಲ್ಲೂಕು ತಿಳಿಯುವುದಿಲ್ಲ. ಅವರ ‘ದ್ವೀಪ’ ಸಿಕ್ಕಿತು, ಭೂಗೋಳದ ಸಾಲಿನಲ್ಲಿ. ‘ಮುಳುಗಡೆ’ ಕಾದಂಬರಿ ಕೇಳಿದೆ. ಮೇಲ್ವಿಚಾರಕ ಪಾಪ, ಮೇಲಿನಿಂದ ಬಂದ ಪಟ್ಟಿ ತಿರುವಿ ನೋಡಿ ಹೇಳಿದ: “ಪಟ್ಯಾಗ ಇಲ್ರೀ ಸರ. ವ್ಯಕ್ತಿತ್ವ ವಿಕಸನ ಹನ್ನೆರಡು ಬಂದಾವ, ಕೊಡ್ಲೇನ್ರಿ?” ಮನೆ, ಹೊಲ, ಹುಣಸೆಮರ ಎಲ್ಲ ಬಿಟ್ಟು ಬಂದವನ ಬಳಿ ಉಳಿದಿರುವುದು ವ್ಯಕ್ತಿತ್ವವೊಂದೇ. ಅದನ್ನಾದರೂ ವಿಕಾಸಗೊಳಿಸಲಿ ಎಂಬುದು ಪಟ್ಟಿ ಮಾಡಿದವರ ಕಾಳಜಿ ಇರಬೇಕು.

ಭಾಷಣದಲ್ಲಿ ಒಂದು ಮಾತು ಪದೇ ಪದೇ ಬಂತು: “ಇವರಲ್ಲಿ ಅರಿವು ಮೂಡಿಸಬೇಕಾಗಿದೆ.” ನನ್ನ ಪಕ್ಕದಲ್ಲಿ ಕೂತಿದ್ದ ಅಜ್ಜ ಹೆಬ್ಬೆಟ್ಟಿನವನು. ಸುಮ್ಮನೆ ಕೇಳಿದೆ: “ಅಜ್ಜಾ, ಡ್ಯಾಮಿನ ಎತ್ತರ ಈಗೆಷ್ಟು?”

“ಐದನೂರಾ ಹತ್ತೊಂಬತ್ತು ಪಾಯಿಂಟ್ ಆರ ಮೀಟರ್ ನೀರು ನಿಲ್ತೈತ್ರಿ. ಮುಂದ ಐದನೂರಾ ಇಪ್ಪತ್ನಾಕು ಪಾಯಿಂಟ್ ಎರಡ ಐದ ಆರು.”

ಮೂರು ದಶಾಂಶ ಸ್ಥಾನ! ಎಂಜಿನಿಯರಿಂಗ್ ಓದಿದವರೂ ಎರಡಕ್ಕೇ ನಿಲ್ಲಿಸುತ್ತಾರೆ. 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ್ದು, 2000ದಲ್ಲಿ ಸುಪ್ರೀಂ ಕೋರ್ಟು 519.60ಕ್ಕೆ ಒಪ್ಪಿದ್ದು, 2010ರಲ್ಲಿ ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ 524.256 ಎಂದದ್ದು, ಎಲ್ಲ ಅವನಿಗೆ ಬಾಯಿಪಾಠ. ಏಕೆಂದರೆ ಅವನ ಪಾಲಿಗೆ ಮೀಟರಿನ ಒಂದೊಂದು ದಶಾಂಶವೂ ಯಾರದೋ ಹೊಲ. ಐತೀರ್ಪು, ಉತಾರ, ಹಕ್ಕುಪತ್ರ, ವಾರಸಾ, ಹೆಚ್ಚುವರಿ ಪರಿಹಾರ, ಮೇಲ್ಮನವಿ: ಕಾನೂನು ಕಾಲೇಜಿನ ಮಕ್ಕಳು ಪರೀಕ್ಷೆಗೆ ಉರು ಹೊಡೆಯುವ ಶಬ್ದಗಳು ಅವನ ಕಟ್ಟೆಯ ಹರಟೆ. ಇಂಥವನಲ್ಲಿ ಅರಿವು ಮೂಡಿಸಲು ವೇದಿಕೆಯ ಮೇಲೆ ಹಾರ ಹಾಕಿಸಿಕೊಂಡು ಏಳು ಜನ ಕೂತಿದ್ದರು.

ಗ್ರಂಥಾಲಯದ ಮೇಲೆ ಸರ್ಕಾರಕ್ಕೆ ಇಷ್ಟೊಂದು ಪ್ರೀತಿ ಇದ್ದರೆ ಅದನ್ನು ಕಾಗದದಲ್ಲಿ ಹುಡುಕೋಣ. ಭೂಸ್ವಾಧೀನ ಮತ್ತು ಪುನರ್ವಸತಿಯ 2013ರ ಕೇಂದ್ರ ಕಾಯ್ದೆಗೆ ಮೂರನೆಯ ಅನುಸೂಚಿ ಎಂದೊಂದಿದೆ. ಎಬ್ಬಿಸಿದವರನ್ನು ಕೂರಿಸುವ ಹೊಸ ಊರಿನಲ್ಲಿ ಏನೇನು ಇರಬೇಕು ಎಂಬ 25 ಅಂಶಗಳ ಪಟ್ಟಿ ಅದು. ರಸ್ತೆ ಇದೆ, ಚರಂಡಿ ಇದೆ, ದನಕ್ಕೆ ಕುಡಿಯುವ ನೀರಿದೆ, ಬೀಜ ಗೊಬ್ಬರದ ಗೋದಾಮಿದೆ, ಅಂಚೆ ಕಚೇರಿ ಇದೆ, ಸ್ಮಶಾನವಿದೆ, ಗುಡಿ ಇದೆ, ಮರದ ಕಟ್ಟೆಯೂ ಇದೆ. ಒಳ್ಳೆಯ ಪಟ್ಟಿ, ದನಗಳನ್ನೂ ಸತ್ತವರನ್ನೂ ಮರೆತಿಲ್ಲ. ಗ್ರಂಥಾಲಯ ಮಾತ್ರ ಇಲ್ಲ. ಮನೆಯ ಕರದೊಂದಿಗೆ ಗ್ರಂಥಾಲಯಕ್ಕೆಂದು ಪ್ರತಿ ರೂಪಾಯಿಗೆ 6 ಪೈಸೆಯ ಉಪಕರ ಹಾಕುವುದನ್ನು ಮಾತ್ರ ಯಾರೂ ಮರೆತಿಲ್ಲ.

ಸಮಾರಂಭ ಮುಗಿದು ಶಾಮಿಯಾನ ಬಿಚ್ಚುವಾಗ ಮೌಸು ಮುಟ್ಟಲು ಹೋಗಿದ್ದ ಹುಡುಗನ ಅಣ್ಣ ಸಿಕ್ಕ. ಸರ್ಕಾರಿ ನೇಮಕಾತಿಯಲ್ಲಿ ಯೋಜನಾ ನಿರಾಶ್ರಿತರಿಗೆಂದು ಪ್ರತ್ಯೇಕ ಮೀಸಲಾತಿ ಇದೆ, ಅದಕ್ಕೆ ಅವನು ಅರ್ಜಿ ಹಾಕಬೇಕಿತ್ತು. ಹಬ್ ಇಲ್ಲೇ ಇದೆಯಲ್ಲ ಎಂದೆ. ನಕ್ಕ.

“ನಾ ಕೆಲಸಾ ಮುಗಿಸಿ ಬರೂದ್ರಾಗ ಬಾಗಲಾ ಹಾಕಿರ್ತಾರ್ರಿ. ಬಾಗಲಾ ತಗದಾಗ ನಾ ಹೊಲದಾಗ ಇರ್ತೀನಿ. ಅರ್ಜಿ ಹಾಕಾಕ ಪ್ಯಾಟಿಗೆ ಹೋಗಿ ಅಂಗಡ್ಯಾಗ ರೊಕ್ಕ ಕೊಟ್ಟು ಬರ್ತೀನ್ರಿ.”

ಇಡೀ ಯೋಜನಾ ವರದಿಗೆ ಇದಕ್ಕಿಂತ ಚಿಕ್ಕ ವಿಮರ್ಶೆ ಬರೆಯಲಾಗದು. ಅವನಿಗೆ ಬೇಕಾದದ್ದು ಪರಿವರ್ತನೆಯಲ್ಲ. ಸಂಜೆ ಆರರಿಂದ ಒಂಬತ್ತರವರೆಗೆ ತೆರೆದ ಬಾಗಿಲು, ಪ್ಲಾಸ್ಟಿಕ್ಕು ತೆಗೆದ ಒಂದು ಕಂಪ್ಯೂಟರು, ಹಳೆಯ ಪ್ರಶ್ನೆಪತ್ರಿಕೆಗಳ ಒಂದು ಕಟ್ಟು, ಮತ್ತು ಆ ಹೆಚ್ಚಿನ ತಾಸುಗಳಿಗೆ ಮೇಲ್ವಿಚಾರಕನಿಗೆ ತಕ್ಕ ಸಂಬಳ. ಅಜ್ಜನಿಗೆ ಬೇಕಾದದ್ದು ಅವನ ಐತೀರ್ಪಿನ ಕಾಗದವನ್ನು ಅವನಿಗೆ ತಿಳಿಯುವ ಕನ್ನಡದಲ್ಲಿ ಓದಿ ಹೇಳುವ ಒಬ್ಬ ಮನುಷ್ಯ. ಅಜ್ಜಿಯಂತೂ ಹಳೆಯ ಊರಿನ ಓಣಿ, ಬಾವಿ, ಜಾತ್ರೆ, ಬೀಸುವ ಹಾಡುಗಳ ನಡೆದಾಡುವ ಪುಸ್ತಕ. ಅದನ್ನು ಬರೆದುಕೊಳ್ಳುವವರು ಬೇಕು, ಅಷ್ಟೇ. ಇಷ್ಟನ್ನು ಮಾಡಿದರೆ ಅದಕ್ಕೆ ‘ವಾಚನಾಲಯ’ ಎಂಬ ಹಳೆಯ ಹೆಸರೇ ಸಾಕಾಗುತ್ತದೆ.

ಆದರೆ ಅವಸರವಿದೆ. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಂಪುಟ ಆಲಮಟ್ಟಿಯ ಮೂರನೆಯ ಹಂತದ ಮುಳುಗಡೆಗೆ ದರ ಗೊತ್ತುಮಾಡಿದೆ: ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣಭೂಮಿಗೆ 30 ಲಕ್ಷ. ಗೇಟು 524.256ಕ್ಕೆ ಏರಿದ ದಿನ 75 ಸಾವಿರಕ್ಕೂ ಹೆಚ್ಚು ಎಕರೆ, 20 ಹಳ್ಳಿಗಳು ಮತ್ತು ಬಾಗಲಕೋಟೆ ಪಟ್ಟಣದ 11 ವಾರ್ಡುಗಳು ನೀರಿಗೆ ಹೋಗುತ್ತವೆ. ಎಕರೆಗಿಷ್ಟು ಎಂದು ಬರೆದಾಗಿದೆ. ಆ ಊರುಗಳ ಪುಸ್ತಕಗಳು ಯಾವ ಕೋಣೆಗೆ ಹೋಗಬೇಕು, ಆ ಕೋಣೆಯ ಬಾಗಿಲು ಸಂಜೆ ಯಾರು ತೆಗೆಯಬೇಕು ಎಂಬುದನ್ನೂ ಈಗಲೇ ಬರೆದಿಡಿ. ಶಾಮಿಯಾನದವನಿಗೆ ಆಮೇಲೆ ಹೇಳಿದರಾಯಿತು.