ಮೊದಲ ಸಂಬಳದ ಲೆಕ್ಕ

"ಅಕ್ಕಾ, ಸಾಲ ಮಾಡಿ ನರ್ಸಿಂಗ್ ಓದಿಸಿದರೆ ತೀರುತ್ತಾ?"

ಹಲಸೂರಿನ ನಮ್ಮ ಗಲ್ಲಿಯಲ್ಲಿ ಪಕ್ಕದ ಮನೆಯಾಕೆ ಬಟ್ಟೆ ಹರವುತ್ತ ಕಾಂಪೌಂಡಿನ ಆಚೆಯಿಂದ ಕೇಳಿದಳು. ಮಗಳು ಪಿಯುಸಿ ಸೈನ್ಸ್ ಮುಗಿಸಿದ್ದಾಳೆ, ನರ್ಸ್ ಆಗಬೇಕೆಂಬ ಆಸೆ ಅವಳದೇ. ಏಜೆಂಟನೊಬ್ಬ ಮನೆಗೇ ಬಂದು, ಓದು ಮುಗಿದ ಕೂಡಲೇ ಜರ್ಮನಿ, ತಿಂಗಳಿಗೆ ಲಕ್ಷಗಟ್ಟಲೆ ಸಂಬಳ ಅಂತ ಹೇಳಿ ಹೋಗಿದ್ದಾನೆ.

ಜರ್ಮನಿ ಮಾತು ಆಮೇಲೆ ಆಡೋಣ ಕಣಮ್ಮಾ, ಮೊದಲು ಇಲ್ಲಿಯ ಸಂಬಳ ನೋಡು ಅಂದೆ. ಬ್ಯಾಂಕಿನಲ್ಲಿ ಸಾಲದ ಫೈಲುಗಳ ಮುಂದೆ ವರ್ಷಗಟ್ಟಲೆ ಕೂತವಳು ನಾನು, ಈ ಲೆಕ್ಕ ಬಾಯಲ್ಲೇ ಬರುತ್ತೆ. ಬಿಎಸ್ಸಿ ನರ್ಸಿಂಗ್ ನಾಲ್ಕು ವರ್ಷ. ವರ್ಷಕ್ಕೊಂದು ಲಕ್ಷದಂತೆ ಸಾಲ ಎತ್ತಿದೆ ಅಂತಿಟ್ಟುಕೋ, ಬಡ್ಡಿ ನೂರಕ್ಕೆ ಹತ್ತು. ಓದುವಷ್ಟು ಕಾಲವೂ ಮುಗಿದ ಮೇಲೆ ಒಂದು ವರ್ಷವೂ ಕಂತು ಕಟ್ಟಬೇಕಿಲ್ಲ, ಆದರೆ ಬಡ್ಡಿ ಬೆಳೀತಾನೇ ಇರುತ್ತೆ. ಮೊದಲ ಲಕ್ಷಕ್ಕೆ ಐದು ವರ್ಷದ ಬಡ್ಡಿ, ಎರಡನೆಯದಕ್ಕೆ ನಾಲ್ಕು, ಮೂರನೆಯದಕ್ಕೆ ಮೂರು, ಕೊನೆಯದಕ್ಕೆ ಎರಡು. ಕೂಡಿದರೆ 1,40,000. ಕಂತು ಶುರುವಾಗುವ ದಿನ ನಿನ್ನ ತಲೆಯ ಮೇಲೆ 5,40,000 ರೂಪಾಯಿ. ಏಳು ವರ್ಷದಲ್ಲಿ ತೀರಿಸ್ತೀನಿ ಅಂದರೆ ತಿಂಗಳ ಕಂತು 9,000ದ ಹತ್ತಿರ.

ಈಗ ಸಂಬಳ. ಆಗ ತಾನೇ ಪಾಸಾಗಿ ಖಾಸಗಿ ಆಸ್ಪತ್ರೆಗೆ ಸೇರಿದವಳಿಗೆ 20,000 ಅಂತ ಇಟ್ಟುಕೋ. ಪಿಎಫ್ 1,800, ಇಎಸ್ಐ 150 ಹಿಡಿದರೆ ಕೈಗೆ ಬರೋದು 18,050. ಅದರಲ್ಲಿ ಅರ್ಧ ಕಂತಿಗೇ ಹೋಯಿತು. ನಿನ್ನ ಮಗಳಿಗೆ ನಿನ್ನ ಮನೆಯ ಊಟ, ನಿನ್ನ ಮನೆಯ ಹಾಸಿಗೆ ಇದೆ. ಕೆ.ಆರ್. ಪುರದಲ್ಲಿ ಪಿಜಿ ಹಿಡಿದು ದಿನಾ ಮೆಟ್ರೋದಲ್ಲಿ ಈ ಕಡೆ ಡ್ಯೂಟಿಗೆ ಬರುವ ಹಾಸನದ ಹುಡುಗಿ, ಕೋಲಾರದ ಹುಡುಗಿ ಏನು ಮಾಡಬೇಕು? ಅವಳ ಖರ್ಚು ತುಂಬಿಕೊಡುವವರು ಊರಲ್ಲಿರುವ ಅಪ್ಪ ಅಮ್ಮ. ಅಂದರೆ ನಗರದ ಆಸ್ಪತ್ರೆ ಕೊಡಬೇಕಾದ ಸಂಬಳದ ಒಂದು ಪಾಲನ್ನು ಹಳ್ಳಿಯ ರೈತ ಕೊಡುತ್ತಿದ್ದಾನೆ. ಇದನ್ನು ನೆನೆದರೆ ನನಗೆ ಹೊಟ್ಟೆ ಉರಿಯುತ್ತೆ.

"ಕಾನೂನು ಏನೂ ಇಲ್ವಾ ಅಕ್ಕಾ?" ಅಂದಳು.

2016ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಕೇಂದ್ರ ಸರ್ಕಾರ ಒಂದು ಸಮಿತಿ ಮಾಡಿತು. 200ಕ್ಕಿಂತ ಹೆಚ್ಚು ಹಾಸಿಗೆಯ ಖಾಸಗಿ ಆಸ್ಪತ್ರೆ ತನ್ನ ನರ್ಸಿಗೆ ರಾಜ್ಯ ಸರ್ಕಾರಿ ನರ್ಸಿನಷ್ಟೇ ಸಂಬಳ ಕೊಡಬೇಕು, 50 ಹಾಸಿಗೆಗಿಂತ ಚಿಕ್ಕ ನರ್ಸಿಂಗ್ ಹೋಮ್ ಆದರೂ 20,000ಕ್ಕೆ ಕಡಿಮೆ ಕೊಡಬಾರದು ಅಂತ ಆ ಸಮಿತಿ ಶಿಫಾರಸು ಮಾಡಿತು. ಶಿಫಾರಸು ಅಂದರೆ ಕಾಯ್ದೆ ಅಲ್ಲವಲ್ಲ. ಅವತ್ತು ಚಿಕ್ಕ ನರ್ಸಿಂಗ್ ಹೋಮಿಗೆ ಹೇಳಿದ ತಳಮಟ್ಟದ ಮೊತ್ತವನ್ನೇ ನಾವಿಬ್ಬರೂ ಇವತ್ತಿಗೂ ಲೆಕ್ಕಕ್ಕೆ ಹಿಡಿದು ಕೂತಿದ್ದೇವೆ ನೋಡು. ಹುಡುಗಿಯರು ಸಾಲ ಮಾಡಿ ಓದುವುದು ತಪ್ಪಲ್ಲ. ರಾತ್ರಿಯಿಡೀ ಐಸಿಯುನಲ್ಲಿ ನಿಂತವಳಿಗೆ ಆ ಸಾಲ ತೀರುವಷ್ಟು ಕೊಡದಿರುವುದು ತಪ್ಪು.

"ಹಾಗಾದರೆ ಬೇಡ ಅಂತೀರಾ?"

ಬೇಡ ಅನ್ನಲಿಲ್ಲವಲ್ಲೇ. ಕಂತು ಕೈಗೆ ಬರುವ ಮೊದಲ ಸಂಬಳದ ಮೂರರಲ್ಲಿ ಒಂದು ಪಾಲು ದಾಟಬಾರದು ಅನ್ನುತ್ತೇನೆ. ಅಂದರೆ 6,000. ಹತ್ತು ವರ್ಷಕ್ಕೆ ಹರಡಿದರೂ ಅದಕ್ಕೆ ಒಗ್ಗುವ ಸಾಲ, ನಾಲ್ಕೂ ವರ್ಷ ಸೇರಿ 3,30,000ದ ಒಳಗೆ. ಮನೆಯ ವರ್ಷದ ಆದಾಯ 4,50,000 ದಾಟದಿದ್ದರೆ ಓದುವ ಕಾಲದ ಬಡ್ಡಿಯನ್ನು ಕೇಂದ್ರವೇ ಭರಿಸುವ ಯೋಜನೆ ಇದೆ. ನಿನ್ನ ಸೀಟು, ನಿನ್ನ ಕಾಲೇಜು ಅದಕ್ಕೆ ಸೇರುತ್ತಾ ಅಂತ ಅಡ್ಮಿಷನ್‌ಗೆ ಮೊದಲೇ ಬ್ಯಾಂಕಿನಲ್ಲಿ ಕೇಳು. ಫೀಸು ಕಟ್ಟಿ ಆಮೇಲೆ ಓಡಿ ಬಂದವರನ್ನು ಬೇಕಾದಷ್ಟು ನೋಡಿದ್ದೇನೆ. 4 ಲಕ್ಷದವರೆಗಿನ ಸಾಲಕ್ಕೆ ಮನೆಪತ್ರ ಅಡವಿಡಬೇಕಿಲ್ಲ ಅನ್ನೋದೂ ನೆನಪಿರಲಿ.

ಸಾಲವೇ ಇಲ್ಲದ ದಾರಿಯನ್ನೂ ಹೇಳಿದೆ. ಹಳೇ ಏರ್‌ಪೋರ್ಟ್ ರಸ್ತೆಯ ವಾಯುಪಡೆಯ ಕಮಾಂಡ್ ಆಸ್ಪತ್ರೆಯಲ್ಲೇ ನರ್ಸಿಂಗ್ ಕಾಲೇಜಿದೆ. ನೀಟ್ ಬರೆದು ಆಯ್ಕೆಯಾದ ಹುಡುಗಿಗೆ ಓದು ಉಚಿತ, ಮೇಲೆ ಸ್ಟೈಪೆಂಡ್. ಮುಗಿದ ಮೇಲೆ ಮಿಲಿಟರಿ ನರ್ಸಿಂಗ್ ಸೇವೆಯಲ್ಲಿ ಲೆಫ್ಟಿನೆಂಟ್. ಬಾಂಡ್ ಇರುತ್ತೆ, ಬರೆದಷ್ಟು ಕಾಲ ಸೇವೆ ಮಾಡಲೇಬೇಕು. ಸೀಟು ಬಹಳ ಕಡಿಮೆ, ದೇಶದ ಎಲ್ಲ ಕಡೆಯ ಹುಡುಗಿಯರೂ ಬರೆಯುತ್ತಾರೆ, ಅದೊಂದನ್ನೇ ನಂಬಿ ಕೂರಬೇಡ. ಕೋಟೆ ಹತ್ತಿರ ಸರ್ಕಾರಿ ನರ್ಸಿಂಗ್ ಕಾಲೇಜಿದೆ. ಬಿಎಸ್ಸಿ ಬದಲು ಜಿಎನ್ಎಂ ಡಿಪ್ಲೊಮಾ ಆದರೆ ಮೂರೇ ವರ್ಷ, ಸಾಲವೂ ಒಂದು ವರ್ಷದಷ್ಟು ಇಳಿಯುತ್ತೆ.

ಖಾಸಗಿಯೇ ಆದರೆ ಕಟ್ಟಡ ನೋಡಿ ಮರುಳಾಗಬೇಡ. ಕಾಲೇಜಿಗೆ ಸ್ವಂತ ಆಸ್ಪತ್ರೆ ಇದೆಯಾ, ಎಷ್ಟು ಹಾಸಿಗೆ, ಮಕ್ಕಳು ಯಾವ ವಾರ್ಡಿನಲ್ಲಿ ಎಷ್ಟು ಹೊತ್ತು ನಿಲ್ಲುತ್ತಾರೆ ಕೇಳು. ರೋಗಿಯ ಕೈ ಹಿಡಿದು ಸೂಜಿ ಹಾಕಿ ಕಲಿತವಳಿಗೂ ಪುಸ್ತಕದಲ್ಲಿ ಓದಿ ಬಂದವಳಿಗೂ ಇಂಟರ್‌ವ್ಯೂನಲ್ಲೇ ವ್ಯತ್ಯಾಸ ಗೊತ್ತಾಗುತ್ತೆ, ಸಂಬಳವೂ ಅಲ್ಲೇ ತೀರ್ಮಾನವಾಗುತ್ತೆ.

"ಜರ್ಮನಿ?" ಅಂದಳು ಮತ್ತೆ.

ಹೋಗಲಿ, ಯಾಕೆ ಹೋಗಬಾರದು. ಭಾಷೆ ಕಲಿಯಬೇಕು, ವಾರ್ಡಿನಲ್ಲಿ ಅನುಭವ ಬೇಕು, ಅದಕ್ಕೆ ಕಾಲ ಹಿಡಿಯುತ್ತೆ, ಅಷ್ಟೂ ದಿನ ಕಂತು ಇಲ್ಲಿಯ ಸಂಬಳದಲ್ಲೇ ಕಟ್ಟಬೇಕು. ವಿದೇಶಕ್ಕೆ ಕಳಿಸುವ ನೋಂದಾಯಿತ ಏಜೆಂಟ್ ತನ್ನ ಸೇವೆಗೆ 30,000 ರೂಪಾಯಿ ಮತ್ತು ಜಿಎಸ್‌ಟಿಗಿಂತ ಹೆಚ್ಚು ತೆಗೆದುಕೊಳ್ಳುವಂತಿಲ್ಲ ಅನ್ನೋದು ಕೇಂದ್ರದ ನಿಯಮ. ನಿಮ್ಮ ಮನೆಗೆ ಬಂದವನು ನೋಂದಾಯಿತನಾ ಅಂತ ಮೊದಲು ವಿಚಾರಿಸು. ಮಗಳ ಮೂಲ ಮಾರ್ಕ್ಸ್ ಕಾರ್ಡ್ ಮಾತ್ರ ಯಾರ ಕೈಗೂ ಕೊಟ್ಟು ಬರಬೇಡ.

ಅವಳು ಸ್ವಲ್ಪ ಹೊತ್ತು ಯೋಚಿಸಿ, "ಯಾರನ್ನ ಕೇಳಿದರೆ ಸರಿಯಾದ ಸಂಬಳ ಹೇಳ್ತಾರೆ ಅಕ್ಕಾ?" ಅಂದಳು. ಮಗಳನ್ನು ಕರೆದುಕೊಂಡು ಶಿವಾಜಿನಗರದ ಬೌರಿಂಗ್ ಆಸ್ಪತ್ರೆಗೆ ಹೋಗು ಅಂದೆ. ಡ್ಯೂಟಿ ಮುಗಿಸಿ ಹೊರಗೆ ಬರುವ ಸಿಸ್ಟರ್‌ಗಳನ್ನು ಮಾತಾಡಿಸಿ, ಕಾಯಂ ಆದವರಿಗೆಷ್ಟು, ಕಾಂಟ್ರ್ಯಾಕ್ಟ್‌ನವರಿಗೆಷ್ಟು ಎರಡನ್ನೂ ಕೇಳು. ಆಮೇಲೆ ಇಂದಿರಾನಗರದ ಯಾವುದಾದರೂ ಖಾಸಗಿ ಆಸ್ಪತ್ರೆಯ ಗೇಟಿನಲ್ಲೂ ಅದನ್ನೇ ಕೇಳು. ಆ ಮೂರು ಅಂಕಿ ಬರೆದುಕೊಂಡು ಬಾ, ಸಾಲದ ಫಾರಂ ನಾನೇ ತುಂಬಿಕೊಡ್ತೀನಿ.