ಚೆಂಡಿಲ್ಲದ ಕಡೆ

"ಟೀವಿಯಲ್ಲಿ ಕೂತಲ್ಲೇ ಕಾಣೋ ಆಟಕ್ಕೆ ಕತಾರ್‌ವರೆಗೂ ಯಾಕೆ ಹೋಗಿದ್ರಿ?" ಅಂತ ಕೇಳಿದ್ರಲ್ಲ, ಹೂ ಬಿಡಿಸೋದು ಆಮೇಲೆ ಆಯ್ತು, ಒಂದು ಗಳಿಗೆ ಈ ಬೇಲಿ ಹತ್ತಿರ ನಿಲ್ಲಿ, ಹೇಳ್ತೀನಿ.

2022ರ ನವೆಂಬರ್ 22, ಮಧ್ಯಾಹ್ನ ಒಂದು ಗಂಟೆ. ಲುಸೈಲ್ ಕ್ರೀಡಾಂಗಣದಲ್ಲಿ ಅರ್ಜೆಂಟೀನಾಕ್ಕೂ ಸೌದಿ ಅರೇಬಿಯಾಕ್ಕೂ ಫುಟ್‌ಬಾಲ್ ವಿಶ್ವಕಪ್ಪಿನ ಆಟ. ನನ್ನ ಸೀಟು ಎಲ್ಲೋ ಮೇಲೆ. ಅಲ್ಲಿಂದ ಆಟಗಾರರ ಮುಖ ಕಾಣಲ್ಲ, ಆದ್ರೆ ಇಡೀ ಮೈದಾನ ಅಂಗೈಯಲ್ಲಿ ಇಟ್ಟ ಹಾಗೆ ಕಾಣತ್ತೆ. ಹತ್ತನೇ ನಿಮಿಷಕ್ಕೆ ಮೆಸ್ಸಿ ಪೆನಾಲ್ಟಿಯಲ್ಲಿ ಗೋಲು ಹೊಡೆದ. ಆಮೇಲೆ ಮೊದಲರ್ಧದಲ್ಲೇ ಅರ್ಜೆಂಟೀನಾದವರು ಇನ್ನೂ ಮೂರು ಸಲ ಚೆಂಡನ್ನ ಬಲೆಗೆ ಸೇರಿಸಿದ್ರು. ಮೂರೂ ಆಫ್‌ಸೈಡ್, ಅಂದ್ರೆ ಚೆಂಡು ಹಾಯಿಸೋ ಗಳಿಗೆಯಲ್ಲಿ ಡಿಫೆಂಡರ್‌ಗಳನ್ನ ದಾಟಿ ನಿಂತಿದ್ರು ಅಂತ ರದ್ದು!

ಟೀವಿಯಲ್ಲಿ ನೋಡಿದ್ರೆ ಅದು ಬರೀ ದುರದೃಷ್ಟ ಅನ್ನಿಸತ್ತೆ. ಮೇಲಿಂದ ನೋಡಿದವರಿಗೆ ಗೊತ್ತಾಗತ್ತೆ, ಅದು ಹೂಡಿದ ಬಲೆ ಅಂತ. ಸೌದಿಯ ಡಿಫೆಂಡರ್‌ಗಳು ತಮ್ಮ ಗೋಲು ಬಿಟ್ಟು ಹೆಚ್ಚುಕಡಿಮೆ ನಡುಗೆರೆವರೆಗೂ ಬಂದು ನಿಂತಿದ್ರು. ಒಬ್ಬ ಎರಡು ಹೆಜ್ಜೆ ಮುಂದಿಟ್ರೆ ಎಲ್ಲರೂ ಎರಡೇ ಹೆಜ್ಜೆ, ಒಂದೇ ಹಗ್ಗಕ್ಕೆ ಕಟ್ಟಿದ ಹಾಗೆ. ಚೆಂಡು ಆಗ ಎಲ್ಲೋ ಇರತ್ತೆ, ಕ್ಯಾಮೆರಾ ಅದರ ಹಿಂದೆ ಓಡ್ತಿರತ್ತೆ. ವಿರಾಮ ಮುಗಿಸಿ ಬಂದವರೇ ಐದು ನಿಮಿಷದ ಅಂತರದಲ್ಲಿ ಎರಡು ಗೋಲು ಹೊಡೆದು ಸೌದಿ ಗೆದ್ದುಬಿಡ್ತು. ಅರ್ಜೆಂಟೀನಾ ಅಂದ್ರೆ ಸತತ 36 ಪಂದ್ಯ ಸೋಲದೆ ಬಂದ ತಂಡ ಕಣ್ರೀ, ಅದೇ ಕೊನೆಗೆ ಕಪ್ಪನ್ನೂ ಎತ್ತಿದ ತಂಡ!

ಮೆಸ್ಸಿ ಆಟದಲ್ಲಿ ಬಹಳ ಹೊತ್ತು ಸುಮ್ಮನೆ ನಡೀತಿರ್ತಾನೆ, ಅದೂ ಅಲ್ಲಿ ಹೋದ ಮೇಲೇ ನನಗೆ ಅರ್ಥ ಆಗಿದ್ದು. ನಡೀತಾ ನಡೀತಾ ಕತ್ತು ತಿರುಗಿಸಿ ಎಲ್ಲಿ ಜಾಗ ಇದೆ ಅಂತ ಅಳೀತಾನೆ. ಚೆಂಡಿಲ್ಲದ ಕಡೆ ನೋಡೋ ಅಭ್ಯಾಸ ಆವತ್ತಿಂದ ನನಗೂ ಹತ್ತಿಕೊಂಡಿತು.

ಅಲ್ಲಿನ ಊರನ್ನೂ ಹಾಗೇ ನೋಡಿದೆ. ಆಗ ಆಟದ ಟಿಕೆಟ್ ಇದ್ದವರಿಗೆ ಕೊಡ್ತಿದ್ದ ಹಯ್ಯಾ ಕಾರ್ಡ್ ಇದ್ರೆ ಬೇರೆ ವೀಸಾ ಬೇಕಿರಲಿಲ್ಲ, ಮೆಟ್ರೋಗೆ ಕಾಸೂ ಬೇಕಿರಲಿಲ್ಲ. ರಾತ್ರಿ ಸೂಕ್ ವಾಕಿಫ್ ಪೇಟೆಯಲ್ಲಿ ಎತ್ತರದ ಕುರ್ಚಿ ಮೇಲೆ ಕೂತ ಹುಡುಗರು, ಕೈಗೆ ದೊಡ್ಡ ಸ್ಪಂಜಿನ ಬೆರಳು ತೊಟ್ಟು, ಮೆಟ್ರೋ ಈ ಕಡೆ ಅಂತ ಹಾಡಿನ ಧಾಟಿಯಲ್ಲಿ ಕೂಗ್ತಿದ್ರು. ಜನವೂ ದನಿಗೂಡಿಸಿ ನಡೀತಿದ್ರು.

ನಾನು ಉಳಿದುಕೊಂಡಿದ್ದು ಉಡುಪಿ ಕಡೆಯ ಗೆಳೆಯನ ಮನೆಯಲ್ಲಿ. ವಿಶ್ವಕಪ್ಪಿನ ಎಂಟು ಕ್ರೀಡಾಂಗಣಗಳಲ್ಲಿ ಏಳು ಹೊಸದಾಗಿ ಎದ್ದಿದ್ದನ್ನ ಕಣ್ಣಾರೆ ನೋಡಿದವನು ಅವನು. ಕಟ್ಟಿದವರು ನೇಪಾಳ, ಬಾಂಗ್ಲಾದೇಶ, ನಮ್ಮ ದೇಶ, ಇನ್ನೂ ಎಲ್ಲೆಲ್ಲಿಂದಲೋ ಬಂದ ಕೂಲಿಯವರು. ಬಿಸಿಲು ತಡೆಯೋಕಾಗಲ್ಲ ಅಂತ ವಿಶ್ವಕಪ್ಪನ್ನೇ ಜೂನ್ ಬಿಟ್ಟು ನವೆಂಬರಿಗೆ ತಂದ್ರು. ಕಟ್ಟೋರು ಮಾತ್ರ ಆ ಬೇಸಿಗೆಗಳನ್ನೆಲ್ಲ ಅಲ್ಲೇ ಕಳೆದ್ರು. ನಡುಹಗಲು ಹೊರಗೆ ಕೆಲಸ ಮಾಡಿಸಬಾರದು ಅಂತ ಕಾನೂನಿತ್ತು. ಆದ್ರೂ ಎಷ್ಟೋ ಜನ ಊರಿಗೆ ಹೆಣವಾಗಿ ಮರಳಿದ್ರು. ಅದನ್ನ ನೆನೆಯದೆ ಆ ಆಟದ ಖುಷಿ ಹೇಳೋಕೆ ನನ್ನಿಂದ ಆಗಲ್ಲ.

ನಿಮ್ಮ ಹುಡುಗ ಮುಂದೆ ಯಾವತ್ತಾದ್ರೂ ಹೋಗ್ತೀನಿ ಅಂದ್ರೆ ಖಂಡಿತ ಕಳಿಸಿ. ಅವನಿಗೆ ಈ ಒಂದು ವಿಷಯ ಹೇಳಿ ಕಳಿಸಿ.

ಆವತ್ತು ಕ್ರೀಡಾಂಗಣದಲ್ಲಿ ನಮ್ಮ ಸೀಟುಗಳ ಮೆಟ್ಟಿಲ ಬುಡದಲ್ಲಿ ಹಳದಿ ಅಂಗಿಯ ಒಬ್ಬ ಕಾವಲಿನ ಹುಡುಗ ನಿಂತಿದ್ದ. ಜನರ ಮೇಲೆ ಕಣ್ಣಿಡೋದು ಅವನ ಕೆಲಸ, ಹಾಗಾಗಿ ಆಟ ಮುಗಿಯೋವರೆಗೂ ಮೈದಾನಕ್ಕೆ ಬೆನ್ನು. ಹೊರಡುವಾಗ ಹಿಂದಿಯಲ್ಲಿ ಮಾತಾಡಿಸಿದೆ. ನೇಪಾಳದವನು. ಗೋಲು ಆಗಿದ್ದು ಹೇಗೆ ಗೊತ್ತಾಗತ್ತಪ್ಪಾ ಅಂದೆ. "ನಿಮ್ಮ ಮುಖ ನೋಡಿ" ಅಂದ. ಜನ ಕರಗಿದ ಮೇಲೆ ಒಂದೇ ಸಲ ಹಿಂದಕ್ಕೆ ತಿರುಗಿದ. ಖಾಲಿ ಮೈದಾನದಲ್ಲಿ ಹುಲ್ಲಿಗೆ ನೀರು ಬಿಡ್ತಾ ಇದ್ರು. ಅದನ್ನೇ ಸುಮಾರು ಹೊತ್ತು ನೋಡ್ತಾ ನಿಂತ.